ಎರಡು ಜೀವಕ್ಕೊಂದು ಊರು

“ಹೆಂಡ್ತಿ ಮಕ್ಕಳು ಅಂದ್ರಿ. ನೀವೂ ಇಲ್ಲೇ ಇರ್ತೀರಿ ಏನ್ರಿ?”

ಸಿಂದಗಿಯ ಮನೆ ಮಾಲೀಕ ಕೇಳಿದ. ಸಿದ್ದಲಿಂಗ ಬಗ್ಗಿ ನಲ್ಲಿ ತಿರುಗಿಸಿದ. ಗಾಳಿ ಬಂತು, ನೀರು ಬರಲಿಲ್ಲ.

“ಟ್ಯಾಂಕರ್ ತರಸಬೇಕೇನ್ರಿ? ತಿಂಗಳಿಗೆ ಎಷ್ಟು ಬೀಳ್ತೈತಿ?”

ಬಾಗಿಲ ಬಳಿ ನಿಂತಿದ್ದ ಬಸಂತರಾಯನ ಕಿವಿಯಲ್ಲಿ ಉತ್ತರ ಸಿಗದ ಆ ಪ್ರಶ್ನೆಯೇ ಉಳಿಯಿತು. ಭಾಗ್ಯಜ್ಯೋತಿ ಅವನ ತಂಗಿ, ಸಿದ್ದಲಿಂಗ ಅವಳ ಗಂಡ. ವಿಜಯಪುರದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಹೋದ ವಾರ ಅವನೇ ಫೋನು ಮಾಡಿದ್ದ. ಭಾಗ್ಯಾಗೆ ನೌಕರಿ ಆಗುತ್ತದೆ, ನಾಲ್ಕು ತಾಲ್ಲೂಕುಗಳಲ್ಲಿ ಹುದ್ದೆ ಖಾಲಿ ಇವೆ, ಕೇಳಿದ ಊರು ಕೊಡಬಹುದು, ಮನೆ ನೋಡಲು ನಿಮ್ಮ ಕಾರು ಬೇಕು ಎಂದಿದ್ದ. ಎಂ.ಎ. ಮುಗಿಸಿ ಮನೆಯಲ್ಲೇ ಕೂತಿದ್ದ ತಂಗಿಗೆ ನೌಕರಿ. ಬಸಂತರಾಯ ಪೇಢೆ ತಂದಿದ್ದ. ಡಬ್ಬಿಯನ್ನು ಯಾರೂ ತೆರೆದಿರಲಿಲ್ಲ.

ಬೆಳಿಗ್ಗೆ ಇಂಡಿಯಲ್ಲಿ ನೋಡಿದ ಮನೆಗೆ ಬಾಡಿಗೆ ಕಡಿಮೆ. ಆದರೆ ಮಾಳಿಗೆಯ ಮೇಲೆ. ಸಿದ್ದಲಿಂಗ ಹತ್ತಲೇ ಇಲ್ಲ. ಮೆಟ್ಟಿಲ ಕೆಳಗೆ ನಿಂತು, “ಸಿಲಿಂಡರ್ ಮ್ಯಾಲ ಯಾರು ಹೊರ್ತಾರು, ಬ್ಯಾಡ” ಎಂದ.

“ನೀವು ಅದೀರಲ್ರಿ ಸಾಹೇಬ್ರ. ಗಂಡಮಗ” ಎಂದ ಆ ಮನೆಯ ಮಾಲೀಕ.

ಸಿದ್ದಲಿಂಗ ನಕ್ಕು ಕಾರಿನ ಕಡೆ ನಡೆದ.

ಸಿಂದಗಿ ದಾಟಿದ ಮೇಲೆ ಅವನು ಹಿಂದಿನ ಸೀಟಿಗೆ ತಲೆ ಆನಿಸಿ ಲೆಕ್ಕ ಹೇಳತೊಡಗಿದ. “ಇಂಡ್ಯಾಗ ಬಾಡಗಿ ಕಡಿಮಿ, ಕಚೇರಿ ದೂರ. ದಿನಾ ಆಟೋ. ಸಿಂದಗ್ಯಾಗ ಆಟೋ ಬ್ಯಾಡ, ನೀರು ಕೊಳ್ಳಬೇಕು. ಒಟ್ಟು ಹಿಡದ್ರ ಎರಡೂ ಅಷ್ಟ. ಹಾಲು ಅರ್ಧ ಲೀಟರ್ ಸಾಕು.”

“ಅರ್ಧ ಲೀಟರಿನ್ಯಾಗ ಮೂರು ಮಂದಿ ಏನು ಚಾ ವಾಸನಿ ನೋಡ್ತೀರಿ?”

“ಆಕಿಗೆ, ಕೂಸಿಗೆ. ಇಬ್ಬರಿಗೆ ಸಾಕು ಮಾವ.”

ಬಸಂತರಾಯ ಕನ್ನಡಿಯಲ್ಲಿ ನೋಡಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಸಿದ್ದಲಿಂಗನ ಮೈಮೇಲೆ ತೂಗಾಡುತ್ತಿತ್ತು. ಕಣ್ಣು ಹಳದಿ. ಕುಡಿತ ಶುರುವಾಗಿರಬೇಕು. ಕುಡಿತ ಒಂದೇ ಬರುವುದಿಲ್ಲ, ಜೊತೆಗೆ ಯಾರೋ ಒಬ್ಬಳು ಇರುತ್ತಾಳೆ. ಕೂಸನ್ನು ನೆರೆಮನೆಯಲ್ಲಿ ಬಿಟ್ಟು ಬಂದಿದ್ದ ತಂಗಿ ಅವನ ಪಕ್ಕದಲ್ಲಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಹಣೆಯಲ್ಲಿ ಕಾಸಗಲ ಕುಂಕುಮ, ಕೈತುಂಬ ಹಸಿರು ಬಳೆ. ಯಾರದೋ ಮದುವೆಗೆ ಹೊರಟ ಹಾಗಿದ್ದಳು. ಹಾಗೆ ಬಾ ಎಂದು ಗಂಡನೇ ಹೇಳಿದ್ದನಂತೆ.

ದಾರಿಯ ಖಾನಾವಳಿಯಲ್ಲಿ ಬಸಂತರಾಯ ಮೂರು ರೊಟ್ಟಿ ತಿಂದ. ಸಿದ್ದಲಿಂಗ ಒಂದು ಲೋಟ ಮಜ್ಜಿಗೆ ತರಿಸಿ ಅದನ್ನೂ ಅರ್ಧಕ್ಕೆ ಬಿಟ್ಟ.

ಬಸವನ ಬಾಗೇವಾಡಿಯ ಮನೆ ಬಸಂತರಾಯನಿಗೆ ಒಪ್ಪಿಗೆಯಾಯಿತು. ನೆಲಮನೆ. ನಲ್ಲಿ ತಿರುಗಿಸಿದರೆ ನೀರು. ಕಚೇರಿ, ಸಂತೆ, ಶಾಲೆ ಎಲ್ಲ ನಡೆದು ಹೋಗುವಷ್ಟು ಹತ್ತಿರ. ವಿಜಯಪುರಕ್ಕೆ ಗಂಟೆಯ ದಾರಿ. ಸಿದ್ದಲಿಂಗನೂ ಅಡುಗೆಮನೆ ನೋಡಿ ತಲೆಯಾಡಿಸಿದ. ಆಮೇಲೆ ಕೇಳಿದ. “ಹಿಂದ ಯಾರಿದ್ರು?”

“ಒಬ್ಬಾಕಿ ಹೆಣ್ಣಮಗಳು. ಗಂಡ ಬಿಟ್ಟಿದ್ದ” ಎಂದ ಮಾಲೀಕ. “ಓಣ್ಯಾಗ ಮಂದಿ ಆಡಿಕೊಳ್ಳಾಕತ್ರು. ನಮಗ್ಯಾಕ ಬೇಕ್ರಿ, ಬಿಡಿಸಿದೆ.”

ಸಿದ್ದಲಿಂಗ ಎದ್ದುಬಿಟ್ಟ. “ಬರ್ತೇವ್ರಿ.”

ಕಾರಿನಲ್ಲಿ ಬಸಂತರಾಯ ಸ್ಟೇರಿಂಗಿಗೆ ಗುದ್ದಿದ. “ಅದರಾಗ ಏನು ಕೊರತಿ ಇತ್ತು?”

“ಬ್ಯಾಡ ಮಾವ. ಮುದ್ದೇಬಿಹಾಳ ನೋಡೋಣು.”

ಮುದ್ದೇಬಿಹಾಳದಲ್ಲಿ ರುಕ್ಮವ್ವನ ಮನೆಯ ಬಾಡಿಗೆ ನಾಲ್ಕರಲ್ಲೂ ಹೆಚ್ಚು. ರುಕ್ಮವ್ವ ಅರವತ್ತು ದಾಟಿದ ಗಟ್ಟಿ ಹೆಂಗಸು. ಭಾಗ್ಯಜ್ಯೋತಿಯನ್ನು ಬಿಟ್ಟು ಸಿದ್ದಲಿಂಗನನ್ನೇ ಮೇಲಿಂದ ಕೆಳಗೆ ನೋಡಿದಳು.

“ಒಬ್ಬಾಕಿ ಬಂದು ಕೇಳಿದ್ರ ನಾ ಮನಿ ಕೊಡಾಂಗಿಲ್ಲ ನೋಡ್ರಿ. ಗಂಡ ಬಂದು ಮಾರಿ ತೋರಿಸಬೇಕು.”

“ಅದಕ್ಕ ಬಂದೇನ್ರಿ.”

“ಶನಿವಾರ ಆಯಿತವಾರ ಬಂದು ಹೋಗಿ ಮಾಡ್ತೀರಿ?”

“ಬರ್ತೇನ್ರಿ.” ಗೋಡೆಗೆ ಒರಗಿ ಕೂತ. “ಹಿಂದ ಯಾರಿದ್ರು?”

“ಬ್ಯಾಂಕಿನಾಂವ ಒಬ್ಬ. ಹೆಂಡ್ತಿನ್ನ ಇಲ್ಲೇ ಬಿಟ್ಟು ಓಡಿಹೋದ, ಭಾಡ್ಯಾ. ಆಕಿ ಮುಂದ ಆರು ವರ್ಷ ಇದ್ಲು. ಮಗನ ಸಾಲಿ ಮುಗಿಸಿ ಹೋದ್ಲು. ಒಳಗ ಬಂದಾಕಿನ್ನ ಹೊರಗ ಹೋಗು ಅನ್ನಾಕ ನನಗ ಬಾಯಿ ಬರಾಂಗಿಲ್ರಿ. ನನ್ನ ತಪ್ಪು ಅದು.”

ಬೆಳಿಗ್ಗೆಯಿಂದ ಹಾಲಿನ ಹನಿ ಹನಿಗೆ ಲೆಕ್ಕ ಹಾಕಿದ್ದವನು ಬಾಡಿಗೆಗೆ ಚೌಕಾಸಿಯನ್ನೂ ಮಾಡಲಿಲ್ಲ. ಮುಂಗಡ ಎಣಿಸಿ ಕೊಟ್ಟ. ಕರಾರು ಹೆಂಡತಿಯ ಹೆಸರಿಗೇ ಇರಲಿ ಎಂದ.

“ಹೆಂಡ್ತಿ ಮ್ಯಾಲ ಭಾಳ ಜೀವ ಬಿಡಪಾ ನಿಂದು” ಎಂದು ನಗುತ್ತ ರುಕ್ಮವ್ವ ಚಹಾ ಮಾಡಲು ಒಳಗೆ ಹೋದಳು.

ಬಸಂತರಾಯ ಅವನೆದುರು ಕುಕ್ಕರುಗಾಲಲ್ಲಿ ಕೂತ. ದಿನವಿಡೀ ಬಾಯಲ್ಲಿದ್ದ ಬಹುವಚನ ಉದುರಿಹೋಗಿತ್ತು.

“ಇದ್ದುದರಾಗ ತುಟ್ಟಿ ಮನಿ. ಇದ್ದುದರಾಗ ದೂರದ ಊರು. ನನ್ನ ತಂಗಿನ್ನ ಇಲ್ಲಿ ಒಗದು ಅಲ್ಲಿ ಯಾರ ಜೋಡಿ ಇರಾಂವ ನೀ?”

ಸಿದ್ದಲಿಂಗ ಕಣ್ಣು ಮುಚ್ಚಿಕೊಂಡ.

“ಮಾತಾಡು. ನೌಕರಿ, ನೌಕರಿ ಅಂದಿ. ಆದೇಶ ಎಲ್ಲೈತಿ? ಅದನ್ನರ ತೋರಿಸು.”

“ಇನ್ನೂ ಬಂದಿಲ್ಲ ಅಣ್ಣಾ.”

ಹೇಳಿದವಳು ಭಾಗ್ಯಜ್ಯೋತಿ. ಅಡುಗೆಮನೆಯ ಕಡೆ ಒಮ್ಮೆ ನೋಡಿ, ಒಳಗೆ ಕೇಳಿಸದಷ್ಟು ಮೆಲ್ಲಗೆ ಮುಂದುವರಿಸಿದಳು.

“ಇವರು ತೀರಿಕೊಂಡ ಮ್ಯಾಲ ಬರ್ತೈತಿ. ಅನುಕಂಪದ ನೌಕರಿ. ಮನಿ ಮಾತ್ರ ಇವರು ಇದ್ದಾಗ ಹಿಡಿಬೇಕು.”