ಸುಣ್ಣದ ಗೆರೆಯ ಮನೆ

ಮೇಸ್ತ್ರಿಯ ಹೆಂಡತಿ ಸುಣ್ಣದ ಗೆರೆಯ ಮುಂದೆ ಗಕ್ಕನೆ ನಿಂತಳು. "ರೀ, ಅಡುಗೆಮನೆಗೆ ಬಾಗಿಲೇ ಇಲ್ವಲ್ರೀ!"

"ಸ್ವಂತ ಮನೆ ಅಂದ್ರೆ ಗಂಡಸಿನ ಕಣ್ಣಿಗೆ ಏನು ಕಾಣುತ್ತೆ, ಅದನ್ನ ಇಲ್ಲಿ ಗುರುತು ಹಾಕಿ" ಎಂದು ಕಲಾವಿದೆಯೊಬ್ಬಳು ತನ್ನ ಪ್ರದರ್ಶನಕ್ಕಾಗಿ ಗ್ಯಾಲರಿಯ ನೆಲವನ್ನೇ ಮೇಸ್ತ್ರಿಗೆ ಬಿಟ್ಟುಕೊಟ್ಟಿದ್ದಳು. ಊರವರಿಗೆಲ್ಲ ಪಾಯದ ಗುರುತು ಹಾಕಿಕೊಟ್ಟು, ತಾನು ಬಾಡಿಗೆ ಮನೆಯಲ್ಲೇ ಮೀಸೆ ನರೆಸಿಕೊಂಡವನು ಅವನು. ದಾರ ಎಳೆದು, ಸುಣ್ಣದ ಪುಡಿ ಸುರಿದು, ಕಾರು ನಿಲ್ಲುವ ಅಂಗಳ, ಯಜಮಾನ ಕಾಲು ಚಾಚಿ ಕೂರುವ ಜಗಲಿ, ದೊಡ್ಡ ಹಜಾರ, ಹಿಂದೊಂದು ಅಡುಗೆಮನೆ ಎಲ್ಲ ಹಾಕಿದ್ದ. ಮುಂಬಾಗಿಲಿಗಂತೂ ಎರಡಾಳು ಅಗಲ ಜಾಗ ಬಿಟ್ಟಿದ್ದ. ಹಜಾರದ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತು ಹೆಂಡತಿಯನ್ನು ಒಳಗೆ ಕರೆದವನೂ ಅವನೇ.

"ಗೆರೆ ತಾನೇ, ದಾಟಿ ಹೋಗೇ."

"ಗೋಡೆ ಹೆಂಗ್ರೀ ದಾಟ್ಲಿ?"

ಕಲಾವಿದೆ ನಗಲಿಲ್ಲ; ಮುಂದೇನು ಎಂದು ಕಣ್ಣರಳಿಸಿ ನೋಡುತ್ತಿದ್ದಳು. ಮೀಸೆಗೆ ಹೋಗಿದ್ದ ಕೈಯನ್ನು ಕೆಳಗಿಳಿಸಿ ಮೇಸ್ತ್ರಿ ಗೆರೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತ. ಎಷ್ಟೋ ಮನೆಗಳ ಯಜಮಾನರನ್ನು ಕೇಳಿದ್ದ ಪ್ರಶ್ನೆಯನ್ನು ಹೆಂಡತಿಗೆ ಕೇಳಿದ್ದು ಇದೇ ಮೊದಲು.

"ಬಾಗಿಲು ಎಷ್ಟಗಲ ಬೇಕು, ಹೇಳು."

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ನೀವೂ ಒಳಗೆ ಬರೋವಷ್ಟು."