ಕಣ್ಣು ಮುಚ್ಚಿ ನೋಡುವ ಹಕ್ಕಿ

ಜೊಂಡಿನ ನಡುವೆ ಸೊಂಟದವರೆಗೆ ಕೆಸರಿನಲ್ಲಿ ಹೂತು ನಿಂತಿದ್ದ ಲಾಡ್ಜಕ್ಕನ ತಮ್ಮ, ಕೂಗಲು ಬಾಯಿ ತೆರೆದವನು ಮತ್ತೆ ಮುಚ್ಚಿದ. ಏರಿಯ ಮೇಲೆ, ಬೆಳಗಿನ ಮಂಜಿನಲ್ಲಿ, ಟಾರ್ಚಿನ ಬೆಳಕು ಅಲ್ಲಾಡಿತು. ಪ್ರೊಫೆಸರ್ ಬಂದಿದ್ದರು.

ಇಷ್ಟು ದಿನ ಅವನ ಕೂಗು ಕೇಳಿದವರು ಬರೀ ಲಾಡ್ಜಿನ ಅತಿಥಿಗಳು. ಅವರಿಗೆ ಕಪ್ಪೆ ವಟಗುಟ್ಟಿದರೂ ಅಪರೂಪದ ಪಕ್ಷಿಯೇ. ಪ್ರೊಫೆಸರ್ ಹಾಗಲ್ಲ. ಜೊಂಡುಗುಮ್ಮ ಎಂಬ ಹಕ್ಕಿ ಚಳಿಗಾಲದಲ್ಲಿ ಈ ಕಡಲಂಚಿನ ಜೌಗಿಗೆ ಬರುತ್ತದೆಂದು ಕಂಡುಹಿಡಿದವರೇ ಅವರು. ಕಂಡು ಅನ್ನುವುದು ತಪ್ಪು, ಕೇಳಿಹಿಡಿದವರು. ಹೆಸರಿನಲ್ಲೇ ಗುಮ್ಮ ಇದ್ದ ಮೇಲೆ ಕಂಡವರು ಯಾರು? ಗುಂ, ಗುಂ, ಗುಂ ಎಂದು ಮೂರು ಸಲ, ಕೊನೆಗೊಂದು ಕ್ಹುಂ. ಬೇರೆ ಊರಿನ ಜೊಂಡುಗುಮ್ಮಗಳಿಗೆ ಈ ಬಾಲದ ಕ್ಹುಂ ಇಲ್ಲ, ಇದು ಈ ತೀರದ ಹಕ್ಕಿಯದೇ ವಿಶೇಷ ಎಂದು ಅವರು ಪುಸ್ತಕವನ್ನೇ ಬರೆದಿದ್ದರು.

ಆ ಪುಸ್ತಕದ ದಯೆಯಿಂದ ಅಕ್ಕನ ಲಾಡ್ಜು ನಡೆಯುತ್ತಿತ್ತು. ಗಾಳಿ ತಿರುಗಿ, ಗೊರವ, ಬಾತುಗಳು ಕಡಲು ದಾಟಿ ಬಂದಿಳಿಯುತ್ತಿದ್ದಂತೆ ಪಕ್ಷಿಪ್ರಿಯರೂ ಹಿಂಡುಹಿಂಡಾಗಿ ಬಂದಿಳಿಯುತ್ತಿದ್ದರು. ಬಾತು ಎಲ್ಲ ಕಡೆ ಸಿಗುತ್ತದೆ. ಅವರು ಬರುತ್ತಿದ್ದದ್ದು ಗುಮ್ಮನಿಗಾಗಿ. ಈ ವರ್ಷ ಉಳಿದ ಹಕ್ಕಿಯೆಲ್ಲ ಬಂದರೂ ಗುಮ್ಮನ ಸದ್ದಿಲ್ಲ. ಎಲ್ಲರಿಗಿಂತ ಮೊದಲೇ ಬರುತ್ತಿದ್ದ ಪ್ರೊಫೆಸರೂ ಆಸ್ಪತ್ರೆ ಸೇರಿ ತಡಮಾಡಿದ್ದರು. ಕೋಣೆ ಕಾದಿರಿಸಿದವರು ಒಬ್ಬೊಬ್ಬರಾಗಿ ಫೋನು ಮಾಡಿ "ಬಂತಾ?" ಎಂದು ಕೇಳತೊಡಗಿದರು. ಬಂದಿಲ್ಲ ಎಂದರೆ ಅಕ್ಕ ಲಾಡ್ಜಿಗೆ ಬೀಗ ಜಡಿದು ಯಾರದೋ ಮನೆಯ ಅಡುಗೆಗೆ ಹೋಗಬೇಕು.

ಆಗ ಅಕ್ಕ ತಮ್ಮನ ಮುಖ ನೋಡಿದ್ದಳು. ಹುಟ್ಟಿದ ಕೂಡಲೇ ಅಳುವುದು ಬಿಟ್ಟು ನರ್ಸಿನ ಸೀನನ್ನು ಅನುಕರಿಸಿದವನು ಎಂದು ಅವನ ಖ್ಯಾತಿ. ದೋಣಿಯ ಎಂಜಿನ್, ಕುಕ್ಕರಿನ ಸೀಟಿ, ತೀರಿಕೊಂಡ ಭಾವನ ಗೊರಕೆ, ಎಲ್ಲವೂ ಅವನ ಗಂಟಲಲ್ಲಿದ್ದವು. ಗೊರಕೆ ಮಾತ್ರ ಅಕ್ಕ ಕೇಳಿದಾಗಷ್ಟೇ. ಅತಿಥಿಗಳಿಗೆಂದು ಲಾಡ್ಜಿನಲ್ಲಿ ಹಾಕುತ್ತಿದ್ದ ಪ್ರೊಫೆಸರರ ಹಳೆಯ ಕ್ಯಾಸೆಟ್ಟನ್ನು ಕೇಳಿ ಕೇಳಿ, ಗುಮ್ಮನನ್ನೂ ಕ್ಹುಂ ಸಮೇತ ಗಂಟಲಿಗಿಳಿಸಿಕೊಂಡ.

"ಸಿಕ್ಕಿಬಿದ್ರೆ?" ಎಂದು ಕೇಳಿದ್ದ.

"ನಾನೇ ಹಕ್ಕಿ ಅನ್ನು. ಯಾರೂ ನೋಡಿಲ್ವಲ್ಲ, ಹೀಗೇ ಇರುತ್ತೆ ಅಂದ್ಕೋತಾರೆ."

ಈಗ ಏರಿಯ ಮೇಲೆ ಅತಿಥಿಗಳು ಸಾಲಾಗಿ ನಿಂತರು, ಕೊನೆಯಲ್ಲಿ ಅಕ್ಕ. ಪ್ರೊಫೆಸರರ ಪದ್ಧತಿ ಎಲ್ಲರಿಗೂ ಗೊತ್ತಿತ್ತು. ದುರ್ಬೀನಿನ ಗಾಜು ಮಿಂಚಿದರೆ ಗುಮ್ಮ ಹೆದರುತ್ತದೆ, ಆದ್ದರಿಂದ ಕಣ್ಣು ಮುಚ್ಚಿ ಕೇಳಬೇಕು. ಹೆಂಡತಿಗೆ ಬೆಲೆ ಹೇಳದೆ ಕೊಂಡ ದುರ್ಬೀನುಗಳನ್ನು ಕೊರಳಿಗೆ ನೇತುಹಾಕಿಕೊಂಡು, ಹಾಲು ಕುಡಿಯುವ ಬೆಕ್ಕುಗಳಂತೆ ಎಲ್ಲರೂ ಕಣ್ಣು ಮುಚ್ಚಿದರು. ಇದು ಪಕ್ಷಿವೀಕ್ಷಣೆಯೋ ಪಕ್ಷಿಪ್ರಾರ್ಥನೆಯೋ ಹೇಳುವುದು ಕಷ್ಟ. ಪ್ರೊಫೆಸರ್ ಎಂದಿನಂತೆ ಎಲ್ಲರ ಹಿಂದೆ, ತೂಬಿನ ಕಟ್ಟೆಗೆ ಒರಗಿ, ಮಫ್ಲರನ್ನು ಮೂಗಿನವರೆಗೆ ಏರಿಸಿ, ಫ್ಲಾಸ್ಕು ಹಿಡಿದು ನಿಂತರು.

ತಮ್ಮ ಉಸಿರು ತುಂಬಿಕೊಂಡ. ಬಂದರೆ ಬೆಟ್ಟ, ಹೋದರೆ ಜುಟ್ಟು.

ಗುಂ. ಗುಂ. ಗುಂ. ಕ್ಹುಂ.

ಅವನಿನ್ನೂ ಬಾಯಿ ತೆರೆದೇ ಇರಲಿಲ್ಲ.

ಮೈಯೆಲ್ಲ ಜುಂ ಎಂದಿತು. ಸದ್ದು ಮಂಜಿನೊಳಗಿಂದ ಬಂದಿತ್ತು. ಕೊಂಚ ಬಳಲಿದ ದನಿ. ಅಷ್ಟು ದೂರ ಹಾರಿಬಂದ ಹಕ್ಕಿಗೆ ಬಳಲಿಕೆ ಇರಲೇಬೇಕಲ್ಲ. ಅಸಲಿ ಎದುರಾದಾಗ ನಕಲಿ ಸುಮ್ಮನಿರುವುದು ಮರ್ಯಾದೆ. ಆದರೆ ಅನುಕರಣಗಾರನ ಗಂಟಲಿಗೆ ಮಾನ ಮರ್ಯಾದೆ ಎಲ್ಲಿಯದು? ಅವನು ಉತ್ತರ ಕೊಟ್ಟೇಬಿಟ್ಟ.

ಏರಿಯ ಮೇಲೆ ಏನೋ ಠಣ್ ಎಂದು ಬಿತ್ತು.

ಲಾಡ್ಜಿನ ಹಿತ್ತಲ ನಲ್ಲಿಯಡಿ ಅವನು ಕಾಲು ತೊಳೆಯುತ್ತಿದ್ದಾಗ ಅಕ್ಕ ಏದುಸಿರು ಬಿಡುತ್ತ ಬಂದಳು.

"ಎರಡು ಸಲ ಯಾಕೋ ಕೂಗ್ದೆ? ಒಂದೇ ಸಾಕು ಅಂದಿರ್ಲಿಲ್ವಾ? ಪ್ರೊಫೆಸರ್ ಫ್ಲಾಸ್ಕ್ ಬೀಳಿಸ್ಕೊಂಡ್ರು. ಕಣ್ಣು ಬಿಟ್ಟು ನೋಡಿದ್ರೆ ಅವರ ಮುಖ ಸುಣ್ಣ ಬಳಿದ ಹಾಗಿತ್ತು."

"ಮೊದಲನೇದು ನಾನಲ್ಲ ಕಣೇ."

"ಇನ್ನೇನು ನಿನ್ನ ಭಾವ ಬಂದಿದ್ರಾ?"

"ಹಕ್ಕಿ, ಅಕ್ಕಾ. ನಿಜವಾದ ಹಕ್ಕಿ ಬಂದಿದೆ."

ಅಕ್ಕ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಸಿದಳು. "ಅದು ಕೂಗಿದ ಮೇಲೂ ಬಾಯಿ ಮುಚ್ಕೊಂಡಿರಕ್ಕೆ ಆಗ್ಲಿಲ್ವಾ ನಿನಗೆ? ಅದಕ್ಕೂ ನಿನಗೂ ವ್ಯತ್ಯಾಸ ಅವರಿಗೆ ತಿಳಿಯದೆ ಇರುತ್ತಾ?"

ತಿಳಿದಿತ್ತು. ಹಿತ್ತಲ ಬಾಗಿಲಲ್ಲಿ ಪ್ರೊಫೆಸರ್ ನಿಂತಿದ್ದರು. ಅವರ ಬೆನ್ನ ಹಿಂದೆ, ಒಳಗೆ, ಅತಿಥಿಗಳು "ಜೋಡಿ ಬಂದಿದೆ, ಈ ಸಲ ಜೋಡಿ" ಎಂದು ಊರೂರಿಗೆ ಫೋನಿನಲ್ಲಿ ಸಾರುತ್ತಿದ್ದರು.

ಪ್ರೊಫೆಸರ್ ಅವನ ಸೊಂಟದ ಕೆಸರನ್ನೂ ತಲೆಗೂದಲಲ್ಲಿ ಸಿಕ್ಕಿಕೊಂಡಿದ್ದ ಜೊಂಡಿನ ಎಲೆಯನ್ನೂ ನೋಡಿದರು. "ನೀನೋ?"

ತಮ್ಮ ತಲೆ ತಗ್ಗಿಸಿದ.

"ನಾನೇ ಕೂಗಿಸಿದ್ದು ಸಾರ್," ಅಕ್ಕ ಎದ್ದು ನಡುವೆ ಬಂದಳು. "ಬೈಯೋದಾದ್ರೆ ನನಗೆ ಬೈರಿ. ಆದ್ರೆ ಮೊದಲು ಕೂಗಿತಲ್ಲ, ಅದು ನಿಜವಾದ್ದೇ. ಅದನ್ನೂ ಸುಳ್ಳು ಅಂತ ಬರೀಬೇಡಿ. ನಾವು ಬದುಕಬೇಕು."

"ನಾನೂ ಒಂದು ಗಳಿಗೆ ನಂಬಿಬಿಟ್ಟೆ," ಎಂದರು ಪ್ರೊಫೆಸರ್. ದನಿ ಒಡೆದ ಕೊಳಲಿನಂತಿತ್ತು. "ಎರಡನೇದನ್ನ."

ಅಕ್ಕನಿಗೆ ಅರ್ಥವಾಗಲಿಲ್ಲ. ಪ್ರೊಫೆಸರ್ ನಿಧಾನವಾಗಿ ಮಫ್ಲರು ಬಿಚ್ಚಿದರು. ಕೊರಳಿನ ಹೊಲಿಗೆಯ ಗುರುತು ಇನ್ನೂ ಕೆಂಪಗಿತ್ತು. ಆ ಮಫ್ಲರನ್ನು ತಮ್ಮನ ಕೊರಳಿಗೆ ಎರಡು ಸುತ್ತು ಸುತ್ತಿ, ಒಳಗಿನವರಿಗೆ ಕೇಳಿಸದಂತೆ ಬಗ್ಗಿ ಹೇಳಿದರು.

"ಮೂರು ಗುಂ ಪರವಾಗಿಲ್ಲ. ಕ್ಹುಂ ಮಾತ್ರ ಇನ್ನೂ ಸ್ವಲ್ಪ ಮೂಗಿನಿಂದ ಬರಲಿ ಕಣಪ್ಪಾ, ಆವತ್ತು ಕ್ಯಾಸೆಟ್ಟಿಗೆ ಕೂಗೋವಾಗ ನನಗೆ ನೆಗಡಿ ಆಗಿತ್ತು."