ಐದನೆಯ ನಿಮಿಷದ ಮುದ್ರೆ

“ಹದಿನೈದು ನಿಮಿಷ ಕಾಯೋಕೆ ಏನು ರೋಗ ಬಂದಿತ್ತು?”

ತಪಾಸಕ ಮುಂಜಿ ಗದರಿದ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನ ಎದುರು ಬಿಚ್ಚಿಟ್ಟ ಪಂಪು ಮಾತ್ರ ಇತ್ತು. ರೋಗಿಯ ರಕ್ತನಾಳಕ್ಕೆ ಔಷಧವನ್ನು ಹನಿಹನಿಯಾಗಿ ಬಿಡುವ ಯಂತ್ರ. ಸ್ಫಾಕ್ಸ್ ಬಂದರು ಪಟ್ಟಣದ ಈ ಕಾರ್ಖಾನೆಯಲ್ಲೇ ಹುಟ್ಟಿದ್ದು. ಈಗ ಆಸ್ಪತ್ರೆಯಿಂದ ಮೊಹರು ಹಾಕಿಸಿಕೊಂಡು ಮರಳಿತ್ತು. ನಾಲ್ಕು ಗಂಟೆಯಲ್ಲಿ ಇಳಿಯಬೇಕಾದ ಔಷಧವನ್ನು ನಾಲ್ಕೇ ನಿಮಿಷದಲ್ಲಿ ಇಳಿಸಿತ್ತು. ರೋಗಿ ಉಳಿಯಲಿಲ್ಲ. ಆ ಪಾಳಿಯ ದಾದಿ ಇಬ್ತಿಸಾಮ್ ಪೊಲೀಸರ ವಶದಲ್ಲಿದ್ದಳು. ತಪ್ಪು ಅವಳದೋ ಯಂತ್ರದ್ದೋ ಎಂಬುದನ್ನು ಮುಂಜಿಯ ವರದಿ ಹೇಳಬೇಕಿತ್ತು.

ಕೊಳವೆಯನ್ನು ಒತ್ತಿಹಿಡಿಯುವ ಚಿಮುಟವನ್ನು ಅವನು ಮತ್ತೆ ಪರೀಕ್ಷೆಗೆ ಹಾಕಿದ. ಐದು ನಿಮಿಷ, ಒಂದು ಹನಿಯೂ ಸೋರಲಿಲ್ಲ. ಎಂಟು. ಹನ್ನೊಂದನೆಯ ನಿಮಿಷಕ್ಕೆ ಸ್ಪ್ರಿಂಗು ಸೋತಿತು. ನೀರು ಧಾರೆಯಾಗಿ ಇಳಿಯಿತು.

ಅವನ ಕಣ್ಣು ಮತ್ತೆ ಪಂಪಿನ ಕಡತಕ್ಕೆ ಹೋಯಿತು. ರಮಜಾನಿನ ಇಪ್ಪತ್ತಮೂರನೆಯ ದಿನ, ಉಪವಾಸ ಬಿಡುವ ಇಫ್ತಾರಿಗೆ ಅರ್ಧ ಗಂಟೆ ಮುಂಚೆ. ಸೋರಿಕೆ ಪರೀಕ್ಷೆ ಹದಿನೈದರ ಬದಲು ಐದೇ ನಿಮಿಷ. ಕೆಳಗೆ ‘ತೇರ್ಗಡೆ’ ಮುದ್ರೆ, ಸಂಖ್ಯೆ ಇಪ್ಪತ್ತೇಳು. ಹನ್ನೆರಡು ವರ್ಷಗಳಿಂದ ಅವನ ಜೇಬಿನಲ್ಲೇ ಇರುವ ಮುದ್ರೆ.

ಆ ತಿಂಗಳು, ಆ ಹೊತ್ತಿಗೆ, ಇಡೀ ಕಾರ್ಖಾನೆ ಒಂದು ಕಾಲನ್ನು ಹೊಸ್ತಿಲಾಚೆ ಇಟ್ಟುಕೊಂಡೇ ದುಡಿಯುತ್ತಿತ್ತು. ಅವನಿಗಂತೂ ಇನ್ನೂ ಅವಸರ. ಅವನು ಮನೆ ಸೇರುವ ತನಕ, ಬಾಂಗು ಮುಗಿದಿದ್ದರೂ, ಹೆಂಡತಿ ಜಕಿಯಾ ಖರ್ಜೂರ ಬಾಯಿಗಿಡುತ್ತಿರಲಿಲ್ಲ.

ಜೋಡಣೆ ವಿಭಾಗದ ವಸೀಲಾ ತಟ್ಟೆ ತಂದು ಕುಕ್ಕಿದಳು. “ತಿನ್ನೋ ಮಾರಾಯ. ನಾಲ್ಕು ದಿನ ಆಯ್ತು. ಗಾಳಿ ಬೀಸಿದ್ರೆ ಹೋಗಿ ಸಮುದ್ರಕ್ಕೇ ಬೀಳ್ತೀಯ. ಈ ಹಾಳು ಪಂಪನ್ನ ಬೇರೆ ಯಾರಾದ್ರೂ ಬಿಚ್ಚಲಿ ಅಂದ್ರೆ ಕೇಳಲ್ಲ!”

ಅವನು ತಟ್ಟೆ ಮುಟ್ಟಲಿಲ್ಲ. ಮನೆಯಲ್ಲಿ ಮೂರು ಸಂಜೆ ಕೇಳಿದ ಕುರಾನಿನ ಪಠಣ ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿತ್ತು.

ಅವಳು ಹೋದ ಮೇಲೆ ವ್ಯವಸ್ಥಾಪಕರು ಬಂದು ಬಾಗಿಲು ಹಾಕಿಕೊಂಡರು. ಹೆಸರು ತಿಜಾನಿ, ಎಲ್ಲರ ಬಾಯಲ್ಲೂ ಗೌರವದಿಂದ ‘ಸಿ’ ತಿಜಾನಿ.

“ನೀನು ಇದನ್ನ ಮುಟ್ಟಲೇಬಾರದಿತ್ತು ಮುಂಜಿ.”

“ನಾನಲ್ಲದೆ ಇನ್ಯಾರು ಮುಟ್ಟಬೇಕು?”

ತಿಜಾನಿಯವರ ಕಣ್ಣು ಮುದ್ರೆಯ ಮೇಲೆ ಬಿತ್ತು. ಬಹಳ ಹೊತ್ತು ಅಲ್ಲೇ ನಿಂತಿತು. ಆಮೇಲೆ ದನಿ ತಗ್ಗಿಸಿದರು.

“ದಾದಿ ಪಂಪಿನ ಬಾಗಿಲು ಸರಿಯಾಗಿ ಮುಚ್ಚಲಿಲ್ಲ ಅಂತ ಬರಿ. ಕಾರ್ಖಾನೆಗೋಸ್ಕರ ಹೇಳ್ತಿಲ್ಲ, ನಿನಗೋಸ್ಕರ. ಈ ಭಾರ ಹೊತ್ಕೊಂಡು ನೀನು ಬದುಕಲ್ಲ.”

“ಸತ್ತವರ ಮನೆಯವರು ಕೇಳಿದ್ರೆ?”

“ಕೇಳಲ್ಲ. ಅದು ನಿನಗೂ ಗೊತ್ತು, ನನಗೂ ಗೊತ್ತು.”

ಮುಂಜಿ ಕಡತ ಮುಚ್ಚಲಿಲ್ಲ. ತಿಜಾನಿ ಅವನ ಹೆಗಲ ಮೇಲೆ ಕೈಯಿಟ್ಟರು.

“ಗುರುತಿಲ್ಲ ಪರಿಚಯ ಇಲ್ಲ, ಯಾವಳೋ ಒಬ್ಬಳು ದಾದಿ. ಅವಳು ನಿನಗೇನಾಗ್ಬೇಕು? ಬರೆದುಬಿಡಪ್ಪಾ, ಕೈ ಮುಗಿದು ಕೇಳ್ತೀನಿ.”

“ಬರೆಯಲ್ಲ, ಸಿ ತಿಜಾನಿ. ಈ ಪಂಪಿನ ಪಕ್ಕ ನನ್ನ ಜಕಿಯಾ ಕೊನೆಯುಸಿರು ಬಿಡುವಾಗ ಕೈ ಹಿಡ್ಕೊಂಡಿದ್ದವಳು ಅವಳೇ.”